ಮಂಡಿಯೂರಿ ನೋಡಬೇಕಾದ ಹೂಗಳು

ಮಕ್ಕಳೇ, ಪ್ರವಾಸಕ್ಕೆ ಹೋದವರು ಯಾವುದರ ಫೋಟೋ ತೆಗೆಯುತ್ತಾರೆ? ಜಲಪಾತ, ಬೆಟ್ಟ, ಕೋಟೆ, ದೇವಸ್ಥಾನ, ಜೊತೆಗೆ ಬಂದ ನೆಂಟರು ಮತ್ತು ಗೆಳೆಯರು. ವಿದೇಶಕ್ಕೆ ಹೋದವರಂತೂ ಎತ್ತರದ ಕಟ್ಟಡಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಇನ್ನು ಕೆಲವರಿದ್ದಾರೆ. ಅವರು ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ ಕಾಡಿಗೆ ಹೋಗುತ್ತಾರೆ. ಅಲ್ಲಿ ಕಾಲುದಾರಿಯ ಮೇಲೆ ಮಂಡಿಯೂರಿ, ಕೆಲವೊಮ್ಮೆ ಹೊಟ್ಟೆಯ ಮೇಲೆ ಮಲಗಿ, ಹೆಬ್ಬೆರಳಿನ ಉಗುರಿಗಿಂತಲೂ ಚಿಕ್ಕದಾದ ಒಂದು ಹೂವಿನ ಫೋಟೋ ತೆಗೆಯುತ್ತಾರೆ!

ಅಷ್ಟು ಚಿಕ್ಕ ಹೂವಿನಲ್ಲಿ ಅಂಥದ್ದೇನಿದೆ? ಅದರ ಫೋಟೋ ತೆಗೆಯುವುದು ಅಷ್ಟೊಂದು ಕಷ್ಟವೇ? ಇದನ್ನು ತಿಳಿಯಲು ಅಮೆರಿಕದ ಒಂದು ಕಾಡಿಗೆ ಹೋಗಿ ಬರೋಣ.

ನೀಲಿ ಹೊಗೆಯ ಬೆಟ್ಟಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ಟೆನೆಸಿ ಮತ್ತು ಉತ್ತರ ಕೆರೊಲಿನಾ ಎಂಬ ಎರಡು ರಾಜ್ಯಗಳಿವೆ. ಅವುಗಳ ಗಡಿಯಲ್ಲಿ ಗ್ರೇಟ್ ಸ್ಮೋಕಿ ಬೆಟ್ಟಗಳು ಹಬ್ಬಿವೆ. 'ಸ್ಮೋಕಿ' ಎಂದರೆ ಹೊಗೆಯಾಡುವ ಎಂದರ್ಥ. ಆದರೆ ಅಲ್ಲಿ ಬೆಂಕಿಯಿಲ್ಲ. ಕಾಡಿನ ಗಿಡಮರಗಳು ಬಿಡುವ ಕೆಲವು ಆವಿಗಳು ತೇವಭರಿತ ಗಾಳಿಯೊಂದಿಗೆ ಸೇರಿ ಬೆಳಕನ್ನು ಚದುರಿಸುತ್ತವೆ. ಆದ್ದರಿಂದ ದೂರದಿಂದ ನೋಡಿದರೆ ಬೆಟ್ಟಗಳ ಮೇಲೆ ನೀಲಿ ಹೊಗೆ ಕವಿದಂತೆ ಕಾಣುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರು ಕೂಡ ತಮ್ಮ ಭಾಷೆಯಲ್ಲಿ ಈ ಜಾಗವನ್ನು ನೀಲಿ ಹೊಗೆಯ ನಾಡು ಎಂದೇ ಕರೆಯುತ್ತಿದ್ದರು.

ಈ ಕಾಡು 1934ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1983ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಇದರ ವಿಸ್ತೀರ್ಣ ಸುಮಾರು 2,100 ಚದರ ಕಿಲೋಮೀಟರ್. ಇಲ್ಲಿ 1,500ಕ್ಕೂ ಹೆಚ್ಚು ಬಗೆಯ ಹೂಬಿಡುವ ಸಸ್ಯಗಳಿವೆ. ಇಷ್ಟೊಂದು ಬಗೆ ಇಲ್ಲಿ ಸೇರಿದ್ದು ಹೇಗೆ? ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಮಳೆ. ಕಣಿವೆಗಳಲ್ಲಿ ವರ್ಷಕ್ಕೆ ಸುಮಾರು 1,400 ಮಿಲಿಮೀಟರ್, ಶಿಖರಗಳಲ್ಲಿ 2,100 ಮಿಲಿಮೀಟರ್‌ಗೂ ಹೆಚ್ಚು ಮಳೆಯಾಗುತ್ತದೆ. ಎರಡನೆಯದು ಎತ್ತರ. ಕಾಡಿನ ತಗ್ಗು ಜಾಗ ಸಮುದ್ರಮಟ್ಟದಿಂದ ಸುಮಾರು 270 ಮೀಟರ್ ಮೇಲಿದ್ದರೆ, ಕುವೋಹಿ ಎಂಬ ಅತಿ ಎತ್ತರದ ಶಿಖರ 2,025 ಮೀಟರ್ ಮೇಲಿದೆ. ಹೀಗಾಗಿ ಒಂದೇ ಕಾಡಿನಲ್ಲಿ ಬೆಚ್ಚಗಿನ ಜಾಗಗಳೂ ತಣ್ಣಗಿನ ಜಾಗಗಳೂ ಇವೆ. ಮೂರನೆಯದು ಹಳೆಯ ಕಥೆ. ಹಿಮಯುಗದಲ್ಲಿ ಉತ್ತರ ಅಮೆರಿಕದ ಬಹುಭಾಗವನ್ನು ದಪ್ಪ ಹಿಮದ ಹಾಳೆಗಳು ಮುಚ್ಚಿದ್ದವು. ಅವು ಈ ಬೆಟ್ಟಗಳವರೆಗೆ ಬರಲಿಲ್ಲ. ಉತ್ತರದ ಅನೇಕ ಸಸ್ಯಗಳಿಗೆ ಈ ಜಾಗ ಆಸರೆಯಾಯಿತು.

ಪ್ರತಿ ವರ್ಷ ಒಂದು ಕೋಟಿಗೂ ಹೆಚ್ಚು ಭೇಟಿಗಳು ಈ ಉದ್ಯಾನದಲ್ಲಿ ದಾಖಲಾಗುತ್ತವೆ. ವಸಂತಕಾಲದಲ್ಲಿ ಬರುವವರಲ್ಲಿ ಅನೇಕರು ನೆಲದ ಹೂಗಳನ್ನು ನೋಡಲೆಂದೇ ಬರುತ್ತಾರೆ. 1951ರಲ್ಲಿ ಇಲ್ಲಿ ಕಾಡುಹೂಗಳ ಯಾತ್ರೆ ಎಂಬ ಕಾರ್ಯಕ್ರಮ ಆರಂಭವಾಯಿತು. ತಿಳಿದವರ ಜೊತೆ ಕಾಡಿನಲ್ಲಿ ನಡೆದು ಹೂಗಳನ್ನು ಗುರುತಿಸುವುದೇ ಈ ಯಾತ್ರೆ!

ಇಷ್ಟು ಅವಸರ ಏಕೆ?

ಈ ಹೂಗಳನ್ನು ನೋಡಬೇಕೆಂದರೆ ಮಾರ್ಚ್ ಕೊನೆಯಿಂದ ಮೇ ಮೊದಲ ವಾರದೊಳಗೆ ಹೋಗಬೇಕು. ನಮ್ಮಲ್ಲಿ ಯುಗಾದಿ ಮಾಡುವ ಹೊತ್ತಿಗೆ ಅಲ್ಲಿ ಚಳಿಗಾಲ ಮುಗಿದು ವಸಂತ ಶುರುವಾಗುತ್ತದೆ. ಜೂನ್‌ನಲ್ಲಿ ಹೋದರೆ ಈ ಹೂಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ಕೆಲವು ಗಿಡಗಳ ಎಲೆ ಕೂಡ ಕಾಣುವುದಿಲ್ಲ! ಇದಕ್ಕೆ ಕಾರಣವೇನು ಗೊತ್ತೆ?

ಆ ಕಾಡಿನ ದೊಡ್ಡ ಮರಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುತ್ತವೆ. ಚಳಿಗಾಲವೆಲ್ಲ ಬೋಳಾಗಿ ನಿಂತು, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮತ್ತೆ ಚಿಗುರುತ್ತವೆ. ಚಿಗುರಿದ ಮೇಲೆ ಎಲೆಗಳ ಚಪ್ಪರ ಎಷ್ಟು ದಟ್ಟವಾಗುತ್ತದೆಯೆಂದರೆ, ಬಿಸಿಲಿನ ನೂರು ಪಾಲಿನಲ್ಲಿ ಕೆಲವೇ ಪಾಲು ಮಾತ್ರ ನೆಲ ಮುಟ್ಟುತ್ತದೆ. ಸಸ್ಯಗಳಿಗೆ ದ್ಯುತಿಸಂಶ್ಲೇಷಣೆಗೆ ಬೆಳಕು ಬೇಕೇ ಬೇಕು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಹಾಗಾದರೆ ಒಂದು ಗೇಣೂ ಎತ್ತರವಿಲ್ಲದ ಗಿಡ ಏನು ಮಾಡಬೇಕು?

ಅದು ಮರಗಳಿಗಿಂತ ಮೊದಲೇ ಏಳುತ್ತದೆ. ಮಣ್ಣು ಸ್ವಲ್ಪ ಬೆಚ್ಚಗಾದ ಕೂಡಲೇ ನೆಲದೊಳಗಿನ ಗೆಡ್ಡೆಯಿಂದ ಎಲೆ ಮತ್ತು ಹೂ ಮೇಲೆ ಬರುತ್ತವೆ. ಮರಗಳು ಚಿಗುರುವವರೆಗಿನ ಕೆಲವೇ ವಾರಗಳ ಬಿಸಿಲಿನಲ್ಲಿ ಅದು ಒಂದು ವರ್ಷಕ್ಕೆ ಬೇಕಾದ ಆಹಾರವನ್ನು ತಯಾರಿಸಬೇಕು. ಹೂ ಬಿಡಬೇಕು, ಬೀಜ ಕಟ್ಟಬೇಕು, ಉಳಿದ ಆಹಾರವನ್ನು ಗೆಡ್ಡೆಯಲ್ಲಿ ಶೇಖರಿಸಬೇಕು. ಆಮೇಲೆ ನೆರಳು ಕವಿಯುತ್ತದೆ. ಆಗ ಕೆಲವು ಗಿಡಗಳ ಎಲೆಗಳು ಹಳದಿಯಾಗಿ ಒಣಗಿ ಹೋಗುತ್ತವೆ. ಮುಂದಿನ ವಸಂತದವರೆಗೆ ಗಿಡ ಮಣ್ಣಿನೊಳಗೆ ಗೆಡ್ಡೆಯಾಗಿ ಉಳಿದಿರುತ್ತದೆ.

ಇನ್ನೊಂದು ವಿಶೇಷ ಕೇಳಿ. ವಸಂತ ಇಡೀ ಬೆಟ್ಟಕ್ಕೆ ಒಂದೇ ದಿನ ಬರುವುದಿಲ್ಲ. ಬೆಟ್ಟದ ತುದಿ ಬುಡಕ್ಕಿಂತ ತಣ್ಣಗಿರುತ್ತದೆ. ಈ ವ್ಯತ್ಯಾಸ 6ರಿಂದ 11 ಡಿಗ್ರಿ ಸೆಲ್ಸಿಯಸ್‌ವರೆಗೂ ಇರಬಹುದು. ಆದ್ದರಿಂದ ಹೂಗಳು ಮೊದಲು ಕಣಿವೆಯಲ್ಲಿ ಅರಳುತ್ತವೆ, ನಂತರ ದಿನದಿಂದ ದಿನಕ್ಕೆ ಮೇಲೇರುತ್ತವೆ. ಕೆಳಗೆ ಒಂದು ಹೂ ಮುಗಿದುಹೋಗಿದ್ದರೆ ತಿಳಿದ ಪ್ರವಾಸಿ ನಿರಾಶನಾಗುವುದಿಲ್ಲ. ಇನ್ನೂ ಎತ್ತರದ ದಾರಿ ಹಿಡಿಯುತ್ತಾನೆ.

ಕೆಲವು ಹೂಗಳ ಪರಿಚಯ

ಸ್ಪ್ರಿಂಗ್ ಬ್ಯೂಟಿ: ಹೆಸರಿನ ಅರ್ಥ ವಸಂತದ ಚೆಲುವೆ. ಹೂವಿನ ಅಗಲ ಒಂದೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚು. ಐದು ಬಿಳಿ ದಳಗಳ ಮೇಲೆ ಗುಲಾಬಿ ಬಣ್ಣದ ಸಣ್ಣ ಗೆರೆಗಳಿರುತ್ತವೆ. ಮಕರಂದ ಎಲ್ಲಿದೆ ಎಂದು ಜೇನ್ನೊಣಗಳಿಗೆ ದಾರಿ ತೋರಿಸುವ ಗೆರೆಗಳಿವು. ಈ ಹೂವಿನ ಪರಾಗವನ್ನೇ ನಂಬಿ ಮರಿಗಳನ್ನು ಸಾಕುವ ಒಂದು ಜಾತಿಯ ಪುಟ್ಟ ಒಂಟಿ ಜೇನ್ನೊಣ ಕೂಡ ಇದೆ.

ಟ್ರೌಟ್ ಲಿಲಿ: ಎಲೆಯ ಮೇಲೆ ಕಂದು ಮಚ್ಚೆಗಳಿರುತ್ತವೆ. ಅವು ಟ್ರೌಟ್ ಎಂಬ ಮೀನಿನ ಮೈಯನ್ನು ಹೋಲುವುದರಿಂದ ಈ ಹೆಸರು. ಒಂದೇ ಎಲೆಯ ಗಿಡ ಹೂ ಬಿಡುವುದಿಲ್ಲ. ಹಲವು ವರ್ಷ ಆಹಾರ ಕೂಡಿಟ್ಟು, ಎರಡು ಎಲೆ ಬಿಡುವಷ್ಟು ಶಕ್ತಿ ಬಂದ ಮೇಲೆ ಹಳದಿ ಹೂ ಬರುತ್ತದೆ. ಆ ಹೂ ತಲೆ ತಗ್ಗಿಸಿ ನೆಲ ನೋಡುತ್ತದೆ. ಅದರ ಮುಖ ಕಾಣಬೇಕಾದರೆ ನಾವು ಅದಕ್ಕಿಂತ ತಗ್ಗಬೇಕು!

ಬ್ಲಡ್‌ರೂಟ್: ಎಂದರೆ ರಕ್ತದ ಬೇರು. ಹೂ ಅಚ್ಚ ಬಿಳಿ. ಆದರೆ ನೆಲದೊಳಗಿನ ಕಾಂಡಕ್ಕೆ ಗಾಯವಾದರೆ ಕೆಂಪು ರಸ ಒಸರುತ್ತದೆ. ಚಳಿಯಲ್ಲಿ ಮಗುವಿಗೆ ಕಂಬಳಿ ಹೊದೆಸುವಂತೆ ಒಂದೇ ಎಲೆ ಮೊಗ್ಗಿನ ದಂಟನ್ನು ಸುತ್ತಿಕೊಂಡಿರುತ್ತದೆ. ಬಿಸಿಲಿದ್ದಾಗ ಹೂ ತೆರೆಯುತ್ತದೆ, ರಾತ್ರಿ ಮುಚ್ಚುತ್ತದೆ. ಕೆಲವೇ ದಿನಗಳಲ್ಲಿ ದಳಗಳು ಉದುರುತ್ತವೆ.

ಟ್ರಿಲಿಯಂ: ನಮ್ಮ ಬಿಲ್ವಪತ್ರೆ ನೋಡಿದವರಿಗೆ ಇದು ಬೇಗ ನೆನಪಿನಲ್ಲಿ ಉಳಿಯುತ್ತದೆ. ಮೂರು ಎಲೆ, ಮೂರು ಹಸಿರು ಪುಷ್ಪಪತ್ರ, ಮೂರು ದಳ. ಎಲ್ಲವೂ ಮೂರು ಮೂರು! ದೊಡ್ಡ ಬಿಳಿ ಟ್ರಿಲಿಯಂ ಅರಳಿದಾಗ ಬಿಳಿಯಾಗಿದ್ದು, ಹಳೆಯದಾದಂತೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಪಾರ್ಟ್ರಿಜ್‌ಬೆರಿ: ನೆಲಕ್ಕೆ ಅಂಟಿಕೊಂಡು ಹರಡುವ ಪುಟ್ಟ ಬಳ್ಳಿ. ಇದು ವರ್ಷವಿಡೀ ಹಸಿರಾಗಿರುತ್ತದೆ. ಇದರ ಹೂಗಳು ಜೋಡಿಯಾಗಿ ಬಿಡುತ್ತವೆ. ಎರಡು ಹೂಗಳು ಸೇರಿ ಒಂದೇ ಕೆಂಪು ಹಣ್ಣಾಗುತ್ತದೆ. ಹಣ್ಣಿನ ಮೇಲೆ ಎರಡು ಕಣ್ಣುಗಳಂಥ ಗುರುತು ಉಳಿದಿರುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡವೂ ಈ ಬಳ್ಳಿಯೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿವೆ.

ಇರುವೆ ಮಾಡುವ ಬಿತ್ತನೆ

ಈ ಗಿಡಗಳ ಬೀಜಗಳನ್ನು ಗಾಳಿ ಹೊತ್ತೊಯ್ಯುವುದಿಲ್ಲ. ಟ್ರಿಲಿಯಂ, ಬ್ಲಡ್‌ರೂಟ್, ಸ್ಪ್ರಿಂಗ್ ಬ್ಯೂಟಿ ಮುಂತಾದವುಗಳ ಬೀಜಕ್ಕೆ ಎಣ್ಣೆಯಂಶವಿರುವ ಒಂದು ಚಿಕ್ಕ ಮೆತ್ತನೆಯ ತುಣುಕು ಅಂಟಿಕೊಂಡಿರುತ್ತದೆ. ಇರುವೆಗಳಿಗೆ ಅದು ಬಹಳ ಇಷ್ಟ. ಅವು ಬೀಜವನ್ನು ಗೂಡಿಗೆ ಎಳೆದುಕೊಂಡು ಹೋಗಿ, ಆ ತುಣುಕನ್ನು ತಿಂದು, ಬೀಜವನ್ನು ಹಾಗೆಯೇ ಬಿಡುತ್ತವೆ. ಗೂಡಿನ ಸಡಿಲ ಮಣ್ಣಿನಲ್ಲಿ ಬೀಜ ಮೊಳೆಯುತ್ತದೆ. ಇರುವೆಗೆ ಊಟ, ಗಿಡಕ್ಕೆ ಬಿತ್ತನೆ!

ಆದರೆ ಇರುವೆ ಎಷ್ಟು ದೂರ ಹೋದೀತು? ಸಾಮಾನ್ಯವಾಗಿ ಕೆಲವೇ ಮೀಟರ್. ಆದ್ದರಿಂದ ಈ ಗಿಡಗಳು ಹೊಸ ಜಾಗಕ್ಕೆ ಹರಡುವುದು ಬಹಳ ನಿಧಾನ.

ಬೆಳವಣಿಗೆಯೂ ನಿಧಾನವೇ. ದೊಡ್ಡ ಬಿಳಿ ಟ್ರಿಲಿಯಂ ಬೀಜ ಮಣ್ಣಿಗೆ ಬಿದ್ದ ಮೇಲೆ ಮೊದಲ ಚಳಿಗಾಲ ಕಳೆದಾಗ ಬೇರು ಮಾತ್ರ ಬರುತ್ತದೆ. ಇನ್ನೊಂದು ಚಳಿಗಾಲ ಕಳೆದ ಮೇಲೆ ಬೀಜದಳ ಮೇಲೆ ಬರುತ್ತದೆ. ಆಮೇಲೆ ಕೆಲವು ವರ್ಷ ಒಂದೇ ಎಲೆ. ನಂತರ ಮೂರು ಎಲೆ. ಮೊದಲ ಹೂ ಬರುವ ಹೊತ್ತಿಗೆ ಸಾಮಾನ್ಯವಾಗಿ 7ರಿಂದ 10 ವರ್ಷ ಕಳೆದಿರುತ್ತದೆ. ಈಗ ಲೆಕ್ಕ ಹಾಕಿ. ನೀವು ಒಂದನೇ ತರಗತಿಗೆ ಸೇರಿದ ವರ್ಷ ಬಿದ್ದ ಬೀಜ, ನೀವು ಏಳನೇ ತರಗತಿ ಮುಗಿಸಿದರೂ ಇನ್ನೂ ಹೂ ಬಿಡದೆ ಇರಬಹುದು!

ಒಂದು ಹೆಜ್ಜೆಯ ಬೆಲೆ

ಈಗ ಒಬ್ಬ ಪ್ರವಾಸಿ ಬರುತ್ತಾನೆ ಎಂದುಕೊಳ್ಳೋಣ. ದಾರಿಯಿಂದ ಮೂರು ಮೀಟರ್ ಆಚೆ ಒಂದು ಚೆಂದದ ಟ್ರಿಲಿಯಂ ಕಾಣುತ್ತದೆ. ಅವನು ದಾರಿ ಬಿಟ್ಟು ಒಳಗೆ ಕಾಲಿಡುತ್ತಾನೆ. ಅವನ ಬೂಟಿನ ಕೆಳಗೆ ಎರಡು ಮೂರು ವರ್ಷದ ಒಂದೆಲೆಯ ಸಸಿಗಳು ನಲುಗುತ್ತವೆ. ಅವಕ್ಕೆ ಹೂ ಇಲ್ಲವಾದ್ದರಿಂದ ಅವನು ಅವನ್ನು ಗಮನಿಸುವುದೇ ಇಲ್ಲ. ಆ ವರ್ಷದ ಆಹಾರ ತಯಾರಿಸಲು ಆ ಸಸಿಗಿದ್ದುದು ಅದೊಂದೇ ಎಲೆ. ಅದು ಹೋದರೆ ಸಾಮಾನ್ಯವಾಗಿ ಅದೇ ವರ್ಷ ಇನ್ನೊಂದು ಎಲೆ ಬರುವುದಿಲ್ಲ. ಸಸಿ ಸೊರಗುತ್ತದೆ, ಇಲ್ಲವೇ ಸಾಯುತ್ತದೆ. ಅವನ ಹೆಜ್ಜೆಯ ಜಾಡು ಹಿಡಿದು ಇನ್ನೊಬ್ಬನು ಬರುತ್ತಾನೆ, ಮತ್ತೊಬ್ಬನು ಬರುತ್ತಾನೆ. ಸ್ವಲ್ಪ ದಿನಗಳಲ್ಲಿ ಅಲ್ಲೊಂದು ಹೊಸ ಕಾಲುದಾರಿಯೇ ಆಗುತ್ತದೆ. ಮಣ್ಣು ಗಟ್ಟಿಯಾಗುತ್ತದೆ. ಅಲ್ಲಿ ಬೀಜ ಮೊಳೆಯುವುದು ಕಷ್ಟ.

ಕೆಲವರು ಫೋಟೋ ಅಚ್ಚುಕಟ್ಟಾಗಿ ಬರಲೆಂದು ಹೂವಿನ ಸುತ್ತಲಿನ ಒಣ ಎಲೆಗಳನ್ನು ಬಾಚಿ ತೆಗೆಯುತ್ತಾರೆ. ಅದೂ ತಪ್ಪು. ಆ ತರಗೆಲೆ ಕಸವಲ್ಲ. ಅದು ಮಣ್ಣಿನ ತೇವ ಕಾಪಾಡುವ ಹೊದಿಕೆ, ಕೊಳೆತ ಮೇಲೆ ಗೊಬ್ಬರ. ಅದರ ಅಡಿಯಲ್ಲಿ ಸಾಲಮ್ಯಾಂಡರ್ ಎಂಬ ಪ್ರಾಣಿಗಳು ವಾಸಿಸುತ್ತವೆ. ಇವು ನೋಡಲು ಹಲ್ಲಿಯಂತೆ, ಆದರೆ ಕಪ್ಪೆಯ ಹಾಗೆ ಉಭಯಜೀವಿಗಳು. ಸ್ಮೋಕಿ ಬೆಟ್ಟಗಳಲ್ಲಿ ಸುಮಾರು 30 ಬಗೆಯ ಸಾಲಮ್ಯಾಂಡರ್‌ಗಳಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಶ್ವಾಸಕೋಶವೇ ಇಲ್ಲ. ಒದ್ದೆ ಚರ್ಮದ ಮೂಲಕವೇ ಉಸಿರಾಡುತ್ತವೆ. ತರಗೆಲೆ ಸರಿಸಿದರೆ ನೆಲ ಒಣಗುತ್ತದೆ, ಅವುಗಳ ಉಸಿರಿಗೇ ತೊಂದರೆ.

ಆದ್ದರಿಂದ ಇಲ್ಲಿ ಫೋಟೋ ತೆಗೆಯುವವರ ಮೊದಲ ಪಾಠ ಇದು: ದಾರಿಯ ಮೇಲಿಂದ ಎಟುಕುವ ಹೂವನ್ನೇ ಆರಿಸಿಕೊಳ್ಳಬೇಕು. ಅಲ್ಲಿನ ಪೋರ್ಟರ್ಸ್ ಕ್ರೀಕ್ ಎಂಬ ಹಳ್ಳದ ಪಕ್ಕದ ದಾರಿಯಲ್ಲಿ ಏಪ್ರಿಲ್ ತಿಂಗಳು ನಡೆದರೆ ಎರಡೂ ಅಂಚಿನಲ್ಲಿ ಹೂಗಳು ಸಿಗುತ್ತವೆ. ಫ್ರಿಂಜ್ಡ್ ಫಸೀಲಿಯಾ ಎಂಬ ಪುಟ್ಟ ಬಿಳಿ ಹೂಗಳಂತೂ ನೆಲದ ಮೇಲೆ ಹಿಮ ಬಿದ್ದಂತೆ ಹರಡಿರುತ್ತವೆ.

ಕ್ಯಾಮೆರಾ ಹೇಗೆ ನೋಡುತ್ತದೆ?

ಒಂದು ಪ್ರಯೋಗ ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನ ಮುಂದೆ ಒಂದು ಗೇಣು ದೂರದಲ್ಲಿ ನಿಮ್ಮ ಬೆರಳು ಹಿಡಿಯಿರಿ. ಬೆರಳನ್ನೇ ದಿಟ್ಟಿಸಿ ನೋಡಿ. ಹಿಂದಿನ ಕಪ್ಪುಹಲಗೆ ಮಸುಕಾಗುತ್ತದೆ, ಅಲ್ಲವೇ? ಈಗ ಕಪ್ಪುಹಲಗೆ ನೋಡಿ. ಬೆರಳು ಮಸುಕಾಗುತ್ತದೆ. ಕ್ಯಾಮೆರಾದ ಮಸೂರವೂ ಹೀಗೆಯೇ. ಅದು ಒಂದು ದೂರದಲ್ಲಿರುವ ವಸ್ತುವನ್ನು ಮಾತ್ರ ಪೂರ್ತಿ ಸ್ಪಷ್ಟವಾಗಿ ತೋರಿಸುತ್ತದೆ. ಅದರ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಇರುವುದೂ ಚೆನ್ನಾಗಿಯೇ ಕಾಣುತ್ತದೆ. ಈ ಹಿಂದುಮುಂದಿನ ಅಂತರವನ್ನು ಸ್ಪಷ್ಟತೆಯ ಆಳ ಎನ್ನೋಣ.

ಬೆಟ್ಟದ ಫೋಟೋ ತೆಗೆಯುವಾಗ ಈ ಆಳ ಕಿಲೋಮೀಟರ್‌ಗಟ್ಟಲೆ ಇರಬಹುದು. ಆದರೆ ಮಸೂರವನ್ನು ವಸ್ತುವಿನ ಹತ್ತಿರ ತಂದಷ್ಟೂ ಅದು ಕಡಿಮೆಯಾಗುತ್ತದೆ. ಚಿಕ್ಕ ಹೂಗಳಿಗೆಂದೇ ಬಳಸುವ ಮ್ಯಾಕ್ರೋ ಮಸೂರವನ್ನು ತೀರಾ ಹತ್ತಿರ ಹಿಡಿದಾಗ ಅದು ಒಂದೆರಡು ಮಿಲಿಮೀಟರ್ ಮಾತ್ರ! ಕೇಸರಗಳು ಸ್ಪಷ್ಟವಾದರೆ ದಳದ ಅಂಚು ಮಸುಕು. ದಳ ಸ್ಪಷ್ಟವಾದರೆ ಕೇಸರ ಮಸುಕು. ಹಾಗಾದರೆ ಏನು ಮಾಡುವುದು? ಹೂವಿನ ಯಾವ ಭಾಗ ಮುಖ್ಯವೆಂದು ಮೊದಲು ನಿರ್ಧರಿಸಬೇಕು. ಆ ಭಾಗಕ್ಕೆ ಸಮಾನಾಂತರವಾಗಿ ಕ್ಯಾಮೆರಾ ಹಿಡಿಯಬೇಕು. ಬೆಳಕು ಒಳಬರುವ ಕಿಂಡಿಯನ್ನು ಚಿಕ್ಕದು ಮಾಡಿದರೂ ಸ್ಪಷ್ಟತೆಯ ಆಳ ಸ್ವಲ್ಪ ಹೆಚ್ಚುತ್ತದೆ.

ಆದರೆ ಕಿಂಡಿ ಚಿಕ್ಕದಾದರೆ ಬೆಳಕು ಕಡಿಮೆ. ಕಾಡಿನಲ್ಲಿ ಮೊದಲೇ ನೆರಳು. ಸಾಕಷ್ಟು ಬೆಳಕು ಸೇರಬೇಕಾದರೆ ಕಿಂಡಿ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತು ಕೈ ಅಲುಗದೆ ಇರುವುದಿಲ್ಲ. ದೊಡ್ಡದಾಗಿ ಕಾಣುವಂತೆ ಮಾಡುವ ಮಸೂರ ಹೂವನ್ನಷ್ಟೇ ಅಲ್ಲ, ಅಲುಗಾಟವನ್ನೂ ದೊಡ್ಡದು ಮಾಡುತ್ತದೆ. ಅದಕ್ಕಾಗಿ ಕ್ಯಾಮೆರಾವನ್ನು ಗಿಡ್ಡ ಮುಕ್ಕಾಲಿಯ ಮೇಲೆ, ಇಲ್ಲವೇ ಅಕ್ಕಿ ಅಥವಾ ಕಾಳು ತುಂಬಿದ ಚಿಕ್ಕ ಚೀಲದ ಮೇಲೆ ಇಡುತ್ತಾರೆ. ಗುಂಡಿ ಒತ್ತಿದಾಗಲೂ ಕ್ಯಾಮೆರಾ ಅಲುಗುತ್ತದೆ. ಆದ್ದರಿಂದ ಒತ್ತಿದ ಕೆಲವು ಸೆಕೆಂಡ್ ನಂತರ ಫೋಟೋ ತೆಗೆಯುವ ಟೈಮರ್ ಬಳಸುತ್ತಾರೆ.

ಇಷ್ಟಾದರೂ ಗಾಳಿ ಬೀಸಿದರೆ ಹೂವೇ ಅಲುಗುತ್ತದೆ! ಆಗ ಉಪಾಯ ಒಂದೇ, ಕಾಯುವುದು. ಸಾಮಾನ್ಯವಾಗಿ ಬೆಳಗಿನ ಹೊತ್ತು ಗಾಳಿ ಕಡಿಮೆ.

ಬೆಳಕಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ನೇರ ಬಿಸಿಲಿನಲ್ಲಿ ಬಿಳಿ ಹೂ ಹೊಳೆದು ದಳದ ಗೆರೆಗಳು ಮಾಯವಾಗುತ್ತವೆ, ನೆರಳುಗಳು ಕಪ್ಪಾಗುತ್ತವೆ. ಮೋಡವಿದ್ದರೆ ಬೆಳಕು ಎಲ್ಲ ಕಡೆಯಿಂದ ಮೃದುವಾಗಿ ಬರುತ್ತದೆ. ಆದ್ದರಿಂದ ಮೋಡದ ದಿನವೇ ಫೋಟೋಗೆ ಒಳ್ಳೆಯದು ಎನ್ನುತ್ತಾರೆ. ಆದರೆ ಬ್ಲಡ್‌ರೂಟ್ ಮತ್ತು ಸ್ಪ್ರಿಂಗ್ ಬ್ಯೂಟಿ ಹೂಗಳು ಮೋಡ ಕವಿದರೆ ಸರಿಯಾಗಿ ತೆರೆಯುವುದೇ ಇಲ್ಲ! ಇದು ಗೊತ್ತಿರುವವರು ಬಿಸಿಲು ಬಂದು ಹೂ ತೆರೆಯುವವರೆಗೆ ಕಾಯುತ್ತಾರೆ. ಆಮೇಲೆ ಒಂದು ಕೊಡೆ ಹಿಡಿದು ನೆರಳು ಮಾಡಿ ಫೋಟೋ ತೆಗೆಯುತ್ತಾರೆ. ಗಿಡದ ಸ್ವಭಾವ ತಿಳಿಯದೆ ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಒಳ್ಳೆಯ ಚಿತ್ರ ಸಿಗುವುದಿಲ್ಲ ಎನ್ನುವುದು ಇದಕ್ಕೇ.

ಒಂದು ಹೂವಿಗೆ ಒಂದೇ ಫೋಟೋ ಸಾಲದು. ಹೂವಿನ ಮುಖ, ಹೂವಿನ ಪಕ್ಕ, ಎಲೆ, ಇಡೀ ಗಿಡ, ಗಿಡವಿರುವ ಜಾಗ, ಹೀಗೆ ನಾಲ್ಕೈದು ಬೇಕು. ಒಂದು ಫೋಟೋದಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇಟ್ಟರೆ ಗಾತ್ರ ತಿಳಿಯುತ್ತದೆ. ಹೂ ಮಾತ್ರ ನೋಡಿ ಹೆಸರು ಹೇಳಲಾಗದ ಗಿಡವನ್ನು ತಜ್ಞರು ಎಲೆ ನೋಡಿ ಗುರುತಿಸಬಹುದು.

ಮೈಮೇಲೆ ಎಚ್ಚರವಿರಲಿ

ಹೊಸ ದೇಶದ ಕಾಡಿನಲ್ಲಿ ಯಾವುದು ಅಪಾಯ ಎಂದು ನಮಗೆ ತಿಳಿದಿರುವುದಿಲ್ಲ. ಸ್ಮೋಕಿ ಬೆಟ್ಟಗಳಲ್ಲಿ ಪಾಯ್ಸನ್ ಐವಿ ಎಂಬ ಬಳ್ಳಿಯಿದೆ. ಇದರ ಎಲೆಯಲ್ಲೂ ಮೂರು ಭಾಗಗಳು. ಮುಟ್ಟಿದರೆ ಚರ್ಮ ಕೆಂಪಾಗಿ ಗುಳ್ಳೆಗಳೇಳುತ್ತವೆ. ಗೇರುಬೀಜದ ಸಿಪ್ಪೆಯ ಸೊನೆ ತಾಗಿದರೆ ಚರ್ಮ ಸುಡುವುದು ಕರಾವಳಿಯ ಮಕ್ಕಳಿಗೆ ಗೊತ್ತು. ಪಾಯ್ಸನ್ ಐವಿ ಗೇರು ಮತ್ತು ಮಾವಿನ ಕುಟುಂಬಕ್ಕೇ ಸೇರಿದ ಸಸ್ಯ! ಆ ಕಾಡಿನಲ್ಲಿ ವಿಷದ ಹಾವುಗಳೂ ರಕ್ತ ಹೀರುವ ಉಣ್ಣೆಗಳೂ ಇವೆ. ಆದ್ದರಿಂದ ಮಂಡಿಯೂರುವ ಮುಂಚೆ ನೆಲವನ್ನು ಚೆನ್ನಾಗಿ ನೋಡಬೇಕು. ಅದರಿಂದ ಎರಡು ಲಾಭ. ನಮಗೂ ಅಪಾಯವಿಲ್ಲ, ಸಸಿಗಳಿಗೂ ಅಪಾಯವಿಲ್ಲ.

ಕೀಳುವಂತಿಲ್ಲ, ತರುವಂತಿಲ್ಲ

ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಹೂ ಕೀಳುವುದು, ಗಿಡ ಅಗೆಯುವುದು ಅಪರಾಧ. ಜಿನ್‌ಸೆಂಗ್ ಎಂಬ ಗಿಡದ ಬೇರಿಗೆ ಔಷಧಿಯೆಂದು ಬಹಳ ಬೆಲೆಯಿದೆ. ಅದನ್ನು ಕದಿಯುವವರಿದ್ದಾರೆ. ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, 5,000 ಡಾಲರ್‌ವರೆಗೆ ದಂಡ ವಿಧಿಸಬಹುದು. ಕಳ್ಳರಿಂದ ವಶಪಡಿಸಿಕೊಂಡ ಬೇರುಗಳನ್ನು ಉದ್ಯಾನದವರು ಮತ್ತೆ ಕಾಡಿನಲ್ಲಿ ನೆಟ್ಟದ್ದೂ ಇದೆ.

ಒಂದು ಬೀಜ ಜೇಬಿನಲ್ಲಿಟ್ಟು ನಮ್ಮೂರಿಗೆ ತಂದರೆ ಏನಾದೀತು ಎಂದು ನೀವು ಕೇಳಬಹುದು. ನಿಮ್ಮ ಊರಿನ ಹೊಲದ ಬದುವಿನಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಬೆಳೆದಿರುವ ಕಾಂಗ್ರೆಸ್ ಗಿಡವನ್ನು ನೋಡಿ. ಅದು ಅಮೆರಿಕ ಖಂಡದಿಂದ ಬಂದ ಕಳೆ. ಬೇಲಿಗಳಲ್ಲಿ, ಕಾಡುಗಳಲ್ಲಿ ಹಬ್ಬಿರುವ ಲಂಟಾನ ಕೂಡ ಅಲ್ಲಿಯದೇ. ತನ್ನ ಊರಿನಲ್ಲಿ ಮಿತಿಯಲ್ಲಿರುವ ಸಸ್ಯ ಇನ್ನೊಂದು ದೇಶದಲ್ಲಿ ಎಲ್ಲೆ ಮೀರಿ ಬೆಳೆಯಬಹುದು. ಅದಕ್ಕಾಗಿಯೇ ಬೀಜ, ಗಿಡ, ಮಣ್ಣನ್ನು ಅನುಮತಿಯಿಲ್ಲದೆ ನಮ್ಮ ದೇಶದೊಳಗೆ ತರಬಾರದೆಂಬ ಕಾನೂನಿದೆ. ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವಾಗ ಬೂಟಿನ ಅಡಿಯಲ್ಲಿ ಅಂಟಿದ ಮಣ್ಣನ್ನು ಉಜ್ಜಿ ತೆಗೆಯಬೇಕು ಎನ್ನುವುದೂ ಇದೇ ಕಾರಣಕ್ಕೆ. ಗಡಿ ದಾಟಿ ಬರುವ ಹೂವಿನ ಚಿತ್ರದಿಂದ ಮಾತ್ರ ಯಾರಿಗೂ ಹಾನಿಯಿಲ್ಲ.

ತಾರೀಖು ಬರೆದ ಚಿತ್ರ

ಹೂವಿನ ಫೋಟೋ ಬರೀ ಚೆಂದಕ್ಕೆ ಮಾತ್ರವೇ? ಅಲ್ಲ. ಇದನ್ನು ತಿಳಿಯಲು ಅದೇ ದೇಶದ ಇನ್ನೊಂದು ಊರಿಗೆ ಹೋಗಬೇಕು. ಸ್ಮೋಕಿ ಬೆಟ್ಟಗಳಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಈಶಾನ್ಯಕ್ಕೆ ಕಾಂಕರ್ಡ್ ಎಂಬ ಊರಿದೆ. ಅಲ್ಲಿ ಹೆನ್ರಿ ಡೇವಿಡ್ ಥೋರೊ ಎಂಬ ಲೇಖಕನಿದ್ದ. ಗಾಂಧೀಜಿ ಇವನ ಬರಹಗಳನ್ನು ಓದಿ ಮೆಚ್ಚಿದ್ದರು. ಥೋರೊ 1850ರ ದಶಕದಲ್ಲಿ ತನ್ನ ಊರಿನ ಸುತ್ತ ದಿನವೂ ನಡೆದು, ಯಾವ ಕಾಡುಹೂ ಯಾವ ದಿನ ಮೊದಲು ಅರಳಿತು ಎಂದು ಬರೆದಿಟ್ಟಿದ್ದ.

ಸುಮಾರು 150 ವರ್ಷಗಳ ನಂತರ ರಿಚರ್ಡ್ ಪ್ರೈಮ್ಯಾಕ್ ಮತ್ತು ಅಬ್ರಹಾಂ ಮಿಲ್ಲರ್ ರಶಿಂಗ್ ಎಂಬ ವಿಜ್ಞಾನಿಗಳು ಅದೇ ಊರಿನಲ್ಲಿ ಅವೇ ಹೂಗಳನ್ನು ಹುಡುಕಿದರು. ಥೋರೊ ಬರೆದ ದಿನಗಳನ್ನು 2004ರಿಂದ 2006ರವರೆಗಿನ ದಿನಗಳೊಂದಿಗೆ ಹೋಲಿಸಿದರು. ಸಾಮಾನ್ಯವಾಗಿ ಸಿಗುವ 43 ಬಗೆಯ ಹೂಗಳು ಸರಾಸರಿ 7 ದಿನ ಮುಂಚೆ ಅರಳುತ್ತಿದ್ದವು. ಊರು ಬಿಸಿಯಾಗಿದ್ದೇ ಇದಕ್ಕೆ ಕಾರಣ. ಹೂ ಅರಳಿದ ಕಾಲವನ್ನು ತಿಳಿಯಲು ಒಣಗಿಸಿಟ್ಟ ಸಸ್ಯಗಳ ಜೊತೆಗೆ ತಾರೀಖು ಗೊತ್ತಿರುವ ಹಳೆಯ ಫೋಟೋಗಳೂ ನೆರವಾಗುತ್ತವೆ ಎಂದು ಅವರು ತೋರಿಸಿಕೊಟ್ಟರು.

ಮುಂದಿನ ಮಾತು ಇನ್ನೂ ಮುಖ್ಯ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಥೋರೊ ಕಾಲಕ್ಕೆ ಹೋಲಿಸಿದರೆ ಅಲ್ಲಿ ನೆಲದ ಹೂಗಿಡಗಳು ಸುಮಾರು ಒಂದು ವಾರ ಮುಂಚೆ ಏಳುತ್ತಿವೆ. ಆದರೆ ಮರಗಳು ಸುಮಾರು ಎರಡು ವಾರ ಮುಂಚೆ ಚಿಗುರುತ್ತಿವೆ! ಇದರ ಅರ್ಥವೇನೆಂದು ಯೋಚಿಸಿ. ಗಿಡ ಎದ್ದದ್ದಕ್ಕೂ ಮರದ ನೆರಳು ಕವಿದದ್ದಕ್ಕೂ ನಡುವೆ ಇರುವ ಬಿಸಿಲಿನ ದಿನಗಳು ಕಡಿಮೆಯಾಗಿವೆ. ವರ್ಷದ ಆಹಾರವನ್ನು ಇನ್ನೂ ಕಡಿಮೆ ದಿನಗಳಲ್ಲಿ ಗಿಡ ಗಳಿಸಬೇಕು. ಪುಟ್ಟ ಗಿಡಗಳಿಗೆ ಇದು ದೊಡ್ಡ ಕಷ್ಟ.

ಈ ಬದಲಾವಣೆ ಗೊತ್ತಾದದ್ದು ಯಾರೋ ಒಬ್ಬರು ತಾರೀಖು ಬರೆದಿಟ್ಟಿದ್ದರಿಂದ. ಈಗ ಪ್ರಪಂಚದ ಯಾವ ಮೂಲೆಯಲ್ಲಿ ತೆಗೆದ ಹೂವಿನ ಫೋಟೋವನ್ನಾದರೂ ದಿನಾಂಕ ಮತ್ತು ಜಾಗದೊಂದಿಗೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಸೇರಿಸಬಹುದು. ಗಿಡ ಬಲ್ಲವರು ಅದರ ಹೆಸರು ಹೇಳುತ್ತಾರೆ, ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ಸ್ಮೋಕಿ ಬೆಟ್ಟಗಳಲ್ಲಿ 1998ರಿಂದ ಎಲ್ಲ ಜೀವಿಗಳ ಗಣತಿ ನಡೆಯುತ್ತಿದೆ. ಇದುವರೆಗೆ 20 ಸಾವಿರಕ್ಕೂ ಹೆಚ್ಚು ಬಗೆಯ ಜೀವಿಗಳು ದಾಖಲಾಗಿವೆ. ಅವುಗಳಲ್ಲಿ ಸಾವಿರಕ್ಕೂ ಹೆಚ್ಚು ಜೀವಿಗಳು ವಿಜ್ಞಾನಕ್ಕೇ ಹೊಸವು! ನಮ್ಮ ದೇಶದಲ್ಲಿಯೂ ಸೀಸನ್‌ವಾಚ್ ಎಂಬ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು ಅದು ಯಾವಾಗ ಚಿಗುರಿತು, ಯಾವಾಗ ಹೂ ಬಿಟ್ಟಿತು ಎಂದು ದಾಖಲಿಸುತ್ತಾರೆ.

ಮಾಡಿ ನೋಡಿ

ಇದನ್ನೆಲ್ಲ ಮಾಡಲು ವಿಮಾನ ಹತ್ತಬೇಕಿಲ್ಲ. ಕ್ಯಾಮೆರಾ ಕೂಡ ಬೇಕಿಲ್ಲ. ಮೊದಲ ಮಳೆ ಬಿದ್ದ ಎರಡು ಮೂರು ವಾರಗಳ ನಂತರ ಈ ಚಟುವಟಿಕೆ ಮಾಡಿ.

1. ಒಂದು ಹಳೆಯ ರಟ್ಟು ತೆಗೆದುಕೊಳ್ಳಿ. ಅದರ ನಡುವೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಕಿಟಕಿ ಕತ್ತರಿಸಿ. ಇದೇ ನಿಮ್ಮ ಕ್ಯಾಮೆರಾ.

2. ಶಾಲೆಯ ಅಂಗಳದ ಅಂಚಿನಲ್ಲಿ, ಶಿಕ್ಷಕರ ಜೊತೆ ಹೋಗಿ, ಹುಳಹುಪ್ಪಟೆ ಇಲ್ಲವೆಂದು ನೋಡಿಕೊಂಡು, ರಟ್ಟನ್ನು ಗಿಡಗಳು ನಲುಗದಂತೆ ನೆಲದ ಮೇಲಿಡಿ. ಮಂಡಿಯೂರಿ ಕಿಟಕಿಯೊಳಗೆ ನೋಡಿ. ಎಷ್ಟು ಬಗೆಯ ಗಿಡಗಳಿವೆ? ಎಣಿಸಿ.

3. ತುಂಬೆ, ವಿಷ್ಣುಕ್ರಾಂತಿ, ಮುಟ್ಟಿದರೆ ಮುನಿ, ನೆಲನೆಲ್ಲಿ, ಇವುಗಳಲ್ಲಿ ಯಾವುದಾದರೂ ಇದೆಯೇ? ನೆಲನೆಲ್ಲಿಯ ಹೂವನ್ನು ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಅದು ಎಲೆಸಾಲಿನ ಅಡಿಯಲ್ಲಿರುತ್ತದೆ. ತಲೆ ತಗ್ಗಿಸಿ ನೋಡಿ. ಭೂತಗನ್ನಡಿ ಇದ್ದರೆ ಬಳಸಿ.

4. ಒಂದು ಗಿಡವನ್ನು ಆರಿಸಿ ಮೂರು ಚಿತ್ರ ಬಿಡಿಸಿ: ಹೂ, ಎಲೆ, ಇಡೀ ಗಿಡ. ಪಕ್ಕದಲ್ಲಿ ಅಳತೆ, ಜಾಗ ಮತ್ತು ತಾರೀಖು ಬರೆಯಿರಿ. ಗಿಡವನ್ನು ಕೀಳಬೇಡಿ.

5. ಪ್ರತಿ ವಾರ ಅದೇ ಜಾಗಕ್ಕೆ ಹೋಗಿ. ಹೂ ಯಾವಾಗ ಬಂತು? ಯಾವ ಕೀಟ ಬಂತು? ಬೀಜ ಏನಾಯಿತು? ಗಿಡ ಯಾವಾಗ ಒಣಗಿತು? ಎಲ್ಲವನ್ನೂ ಬರೆಯಿರಿ.

6. ಪುಸ್ತಕವನ್ನು ಶಾಲೆಯಲ್ಲಿಯೇ ಇಡಿ. ಮುಂದಿನ ವರ್ಷ ನಿಮ್ಮ ತರಗತಿಗೆ ಬರುವ ಮಕ್ಕಳು ಅದೇ ಜಾಗವನ್ನು ನೋಡಿ ಮುಂದುವರಿಸಲಿ.

ಹತ್ತು ವರ್ಷ ಹೀಗೆ ಬರೆದರೆ, ನಿಮ್ಮ ಊರಿನ ತುಂಬೆ ಹೂ ಮುಂಚೆ ಅರಳುತ್ತಿದೆಯೋ ತಡವಾಗಿ ಅರಳುತ್ತಿದೆಯೋ ಎಂದು ಹೇಳಬಲ್ಲ ಪುಸ್ತಕ ನಿಮ್ಮ ಶಾಲೆಯಲ್ಲೇ ಇರುತ್ತದೆ.